ಮಾಸ್ತರರ ಏಳು ದಿನದ ಏಕಾಂತ

ಶಹಾಪುರದ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಹೇಳಿದ ಸಂಗಮನಾಥ ಮಾಸ್ತರರಿಗೆ ರೊಮ್ಯಾಂಟಿಕ್ ಕಾವ್ಯವೆಂದರೆ ಪ್ರಾಣ. ಆ ಪ್ರಾಣವನ್ನು ಅವರು ಐದು ಪಾಯಿಂಟುಗಳಲ್ಲಿ ಬರೆಸುತ್ತಿದ್ದರು. ಬುದ್ಧಿಗಿಂತ ಭಾವನೆ ದೊಡ್ಡದು, ನಿಸರ್ಗವೇ ಗುರು, ಏಕಾಂತದಲ್ಲಿ ಒಳಗಿನ ದನಿ ಕೇಳಿಸುತ್ತದೆ. ಉಳಿದೆರಡು ಅಮೆರಿಕದ ಅನುಭಾವಿಗಳವು: ಮನುಷ್ಯನಿಗೂ ಪರಮಾತ್ಮನಿಗೂ ನಡುವೆ ದಲ್ಲಾಳಿ ಬೇಕಿಲ್ಲ, 'ನಾನು' ಎಂಬುದು ಕರಗಿದರೆ ಜಗತ್ತೆಲ್ಲ ಒಂದೇ. ಐದೂ ಬರೆದರೆ ಹತ್ತು ಅಂಕ. ನಿಸರ್ಗವೇ ಗುರು ಎಂದು ಬರೆಸುವಾಗ ಮಾಸ್ತರರು ಧೂಳಿಗೆ ಹೆದರಿ ಕಿಟಕಿ ಮುಚ್ಚಿಸುತ್ತಿದ್ದರು.

ನಿವೃತ್ತಿಗೆ ಮೂರು ತಿಂಗಳಿದ್ದಾಗ ಸುರಪುರದ ಕಡೆಯಿಂದ ಬರುವ ನಾಗಲಕ್ಷ್ಮಿ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು.

"ಸರ, ಒಂದ ಮಾತು ಕೇಳ್ಲೇನ್ರಿ? ನೀವು ಯಾವಾಗರ ಹಂಗ ಒಬ್ಬರ ಇದ್ದೀರೇನ್ರಿ?"

ಕ್ಲಾಸು ನಕ್ಕಿತು. ಮಾಸ್ತರರೂ ನಕ್ಕರು. ಆದರೆ ಸ್ಕೂಟರ್ ಹತ್ತಿದ ಮೇಲೆ ನಗು ನಿಂತಿತು. ಹುಟ್ಟಿದ್ದು ಹದಿನಾಲ್ಕು ಜನರ ಮನೆಯಲ್ಲಿ, ಓದಿದ್ದು ಒಂದೇ ಕೋಣೆಯಲ್ಲಿ ಆರು ಹುಡುಗರ ಹಾಸ್ಟೆಲ್ಲಿನಲ್ಲಿ. ಈಗ ಬಚ್ಚಲಿಗೆ ಹೋದರೂ ಹೆಂಡತಿ ಗುರುದೇವಿ ಬಾಗಿಲಾಚೆಯಿಂದ ಮಾತಾಡುತ್ತಾಳೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ತನಗೆಂದೇ ಹುಟ್ಟಿದ್ದೆನಿಸಿತು. ಬೀಳ್ಕೊಡುಗೆಯ ದಿನ ಬರುವುದರೊಳಗೆ ಆ ಹುಡುಗಿಗೆ ಉತ್ತರ ಕೊಡಲಾಗದಿದ್ದರೆ ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು ಎಂದು ಅವರಿಗೆ ನಿಜಕ್ಕೂ ಭಯವಾಯಿತು.

ಡಿಸೆಂಬರಿನ ರಜೆ ಬಂತು. ವನದುರ್ಗದ ಕೋಟೆ ಗುಡ್ಡದ ಕೆಳಗೆ ಗೆಳೆಯ ಶಾಂತಕುಮಾರನ ಹೊಲದಲ್ಲೊಂದು ತಗಡಿನ ಶೆಡ್ಡಿತ್ತು. ಅಲ್ಲಿ ಏಳು ದಿನ ಒಬ್ಬರೇ, ಮೊಬೈಲಿಲ್ಲದೆ, ಮಾತಿಲ್ಲದೆ ಇರುವುದೆಂದು ಮಾಸ್ತರರು ಸಾರಿದರು.

"ಹಲ್ಲಿ ಲೊಚಗುಟ್ಟಿದ್ರ ಮಂಚ ಏರೋರು ನೀವು," ಎಂದಳು ಗುರುದೇವಿ. ಆದರೂ ಏಳು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಮೊದಲ ದಿನ ಬೇವಿನ ಗಿಡದ ಕೆಳಗೆ ಕೂತ ಮಾಸ್ತರರು ಒಳಗಿನ ದನಿಗೆ ಕಿವಿಗೊಟ್ಟರು. ಸೊಂಟ ನೋವಿನ ದನಿ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಎರಡನೆಯ ದಿನ ಮಗ್ಗುಲ ಹೊಲದ ಅಯ್ಯಣ್ಣ ಬಂದು, "ಯಾವೂರ್ರಿ?" ಎಂದ. ಮಾತಾಡುವಂತಿಲ್ಲ. ಮಾಸ್ತರರು ಕೈಯೆತ್ತಿ ಗುಡ್ಡ ತೋರಿಸಿ ಕಣ್ಣು ಮುಚ್ಚಿದರು. ಬಿಳಿ ಲುಂಗಿ, ಹಣೆಯ ಮೇಲೆ ವಿಭೂತಿ, ಬೋಳಿಸದ ಗಡ್ಡ. ಅಯ್ಯಣ್ಣ ಚಪ್ಪಲಿ ಬಿಟ್ಟು ಅಡ್ಡಬಿದ್ದ. ಈ ಸೀಮೆಯಲ್ಲಿ ಒಬ್ಬ ಗಂಡಸು ಅಡವಿಯಲ್ಲಿ ಒಬ್ಬನೇ ಮಾತಿಲ್ಲದೆ ಕೂತನೆಂದರೆ ಅದು ಮೌನಾನುಷ್ಠಾನವೇ. ಬೇರೆ ಅರ್ಥ ಯಾರಿಗೂ ಹೊಳೆಯುವುದಿಲ್ಲ.

ಮೂರನೆಯ ದಿನ ಹತ್ತು ಜನ ಬಂದರು, ನಾಲ್ಕನೆಯ ದಿನ ಎರಡು ಟಂಟಂ ಆಟೋ ತುಂಬ. ಕಾಯಿ, ಸಕ್ಕರೆ, ಊದುಬತ್ತಿ. ಮದುವೆಯಾಗದ ಮಗ, ಹಾಲು ಹಿಂಡಗೊಡದ ಎಮ್ಮೆ, ಎಲ್ಲವೂ ಮಾಸ್ತರರ ಮುಂದೆ ಬಂದವು. ಬಾಯಿ ಬಿಟ್ಟು ನಿಜ ಹೇಳಬಹುದಿತ್ತು. ಹೇಳಲಿಲ್ಲ. ವ್ರತ ಕೆಡುತ್ತದೆಂದು ತಮಗೆ ತಾವೇ ಹೇಳಿಕೊಂಡರು. ಅಸಲು ಸಂಗತಿ ಏನೆಂದರೆ, ಇಪ್ಪತ್ತೆಂಟು ವರ್ಷದಲ್ಲಿ ಯಾವ ಕ್ಲಾಸೂ ಇಷ್ಟು ಗಪ್‌ಚಿಪ್ ಕೂತು ಅವರನ್ನು ನೋಡಿರಲಿಲ್ಲ. ಐದನೆಯ ದಿನ ಬೆಳಗ್ಗೆ ವಿಭೂತಿಯನ್ನು ತುಸು ಅಗಲವಾಗಿಯೇ ಬಳಿದುಕೊಂಡರು. ದಲ್ಲಾಳಿ ಬೇಡವೆಂದು ಬರೆಸಿದವರಿಗೆ ದಲ್ಲಾಳಿಕೆ ಚೆನ್ನಾಗಿಯೇ ಒಗ್ಗಿತ್ತು.

ಅಂದು ಮಧ್ಯಾಹ್ನ ಸಾಲಿನ ಕೊನೆಗೆ ಹತ್ತಿ ಬಿಡಿಸುವ ಕೂಲಿಯ ಮಲ್ಲಾಬಾಯಿ ಬಂದಳು. ವಯಸ್ಸು ಐವತ್ತರ ಹತ್ತಿರ. ಕೈಯಲ್ಲಿ ಕಾಯಿಯಿಲ್ಲ, ಬುತ್ತಿಗಂಟು.

"ಅಪ್ಪೋರ, ಈ ಮಂದೀನ ದೂರ ಮಾಡ್ರಿ," ಎಂದಳು ಮೆಲ್ಲಗೆ. "ಬುತ್ತಿ ಉಂಡು ದಿನಾ ಒಂದು ತಾಸು ಇದೇ ಬೇವಿನ ಗಿಡದ ಬುಡಕ ಕೂಡ್ತಿದ್ದೆ. ಇಪ್ಪತ್ತು ವರ್ಷ ಆತು. ಈಗ ನೀವು ಬಂದಾಗಿಂದ ಜಾಗಾನ ಇಲ್ಲರಿ."

ಮಾಸ್ತರರ ಮೌನ ತಾನಾಗಿಯೇ ಮುರಿಯಿತು. "ಕೂತು ಏನ್ ಮಾಡ್ತೀ, ತಾಯಿ?"

"ಏನ್ ಮಾಡ್ಲಿರಿ? ಗುಡ್ಡ ನೋಡ್ತೀನಿ. ಮನ್ಯಾಗ ನಾ ಸೊಸಿ, ಹೊಲದಾಗ ಆಳು. ಇಲ್ಲಿ ಕೂತಾಗ ನಾ ಯಾರೂ ಅಲ್ಲರಿ. ಗಾಳಿ ಬಂದ್ರ ಬರ್ತದ, ಹೋದ್ರ ಹೋಗ್ತದ. ಆಮ್ಯಾಲ ಎದ್ದು ಹತ್ತಿ ಬಿಡಸ್ತೀನಿ."

ಮಾಸ್ತರರಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. 'ನಾನು' ಕರಗುವ ಆ ಐದನೆಯ ಪಾಯಿಂಟು ಬುತ್ತಿಗಂಟು ಹಿಡಿದು ಎದುರು ನಿಂತಿತ್ತು. ಏಕಾಂತ ಹುಡುಕಿಕೊಂಡು ಬಂದವರು ಇಡೀ ಊರಿನಲ್ಲಿ ಅದನ್ನು ಬಲ್ಲ ಒಬ್ಬಳೇ ಒಬ್ಬಳ ಜಾಗದ ಮೇಲೆ ಕೂತುಬಿಟ್ಟಿದ್ದರು.

ಎದ್ದು ನಿಂತು, "ನಾನು ಅಪ್ಪೋರೂ ಅಲ್ಲ, ಸ್ವಾಮೀನೂ ಅಲ್ಲ, ಇಂಗ್ಲಿಷ್ ಮಾಸ್ತರ. ಎಲ್ಲಾರೂ ಮನಿಗೆ ಹೋಗ್ರಿ," ಎಂದರು.

ಅಯ್ಯಣ್ಣ ಕೈಮುಗಿದ. "ದೊಡ್ಡೋರ ಮಾತೇ ಹಂಗಿರ್ತಾವ್ರಿ. ನೀವು ಎದ್ದು ಹೋದ್ರೂ ಇಲ್ಲೊಂದು ಕಟ್ಟಿ ಕಟ್ಟಿಸ್ತೀವಿ."

ಕಟ್ಟೆಯಾದರೆ ಮಲ್ಲಾಬಾಯಿಯ ಜಾಗ ಸಾಯುವವರೆಗೂ ಹೋಯಿತು. ಮಾಸ್ತರರಿಗೆ ಒಂದೇ ದಾರಿ ಉಳಿಯಿತು. ಚೀಲದ ತಳದಲ್ಲಿ ಬಂದ್ ಮಾಡಿಟ್ಟಿದ್ದ ಮೊಬೈಲ್ ತೆಗೆದು ಹೆಂಡತಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಗುರುದೇವಿ, ಶೆಡ್ಡಿನಾಗ ಹಲ್ಲಿ ಅದಾವ. ನನಗ ಅಂಜಿಕಿ ಬರಾಕತ್ತದ."

ಅತ್ತಲಿಂದ ಮಳೆಗಾಲದ ಹಳ್ಳದಂತೆ ಮಾತು ಬಂತು. "ಹೇಳಿದ್ದಿಲ್ಲೇನು ನಾನು? ಕರೆಂಟ್ ಹೋದ್ರ ನನ್ನ ಸೆರಗು ಹಿಡಿಯೋ ಗಂಡಸು, ತಪಸ್ಸಿಗೆ ಹೋಗ್ಯಾನ ತಪಸ್ಸಿಗೆ! ಗ್ಯಾಸಿನ ಗುಳಿಗಿನೂ ಇಲ್ಲೇ ಬಿಟ್ಟು ಹೋಗೀರಿ. ಹೊಟ್ಟಿ ಉಬ್ಬಿ ಒದ್ದಾಡಾಕತ್ತೀರೇನು?"

ಯಾರೋ ಒಬ್ಬಳು ಕಿಸಕ್ಕೆಂದಳು. ಆಮೇಲೆ ಇಡೀ ಹೊಲವೇ ನಕ್ಕಿತು. ಗುರುದೇವಿ ಇನ್ನೂ ಐದು ನಿಮಿಷ ಬೈದಳು. ಮಾಸ್ತರರು ಒಂದು ಮಾತನ್ನೂ ತಡೆಯಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಆ ಬೈಗುಳ ಅವರಿಗೆ ಸಿಹಿಯಾಗಿ ಕೇಳಿಸಿದ್ದು ಅದೊಂದೇ ಸಲ. ಅಯ್ಯಣ್ಣ ತಾನಿಟ್ಟ ಕಾಯಿ ವಾಪಸ್ ತೆಗೆದುಕೊಂಡ. ಅರ್ಧ ತಾಸಿನಲ್ಲಿ ಟಂಟಂಗಳು ಹೊಲ ಖಾಲಿ ಮಾಡಿ ಹೋದವು. ಮಾಸ್ತರರು ಹಾಸಿಗೆ ಸುತ್ತಿ ಸ್ಕೂಟರಿಗೆ ಕಟ್ಟುವಾಗ ಮಲ್ಲಾಬಾಯಿ ಬೇವಿನ ಬುಡದ ಊದುಬತ್ತಿ ಬೂದಿಯನ್ನು ಸೆರಗಿನಿಂದ ಬಡಿದು ಕೂತಳು. ಅವರತ್ತ ತಿರುಗಿಯೂ ನೋಡಲಿಲ್ಲ.

ರಜೆ ಮುಗಿದ ಮೊದಲ ದಿನ ಮಾಸ್ತರರು ಕ್ಲಾಸಿನ ಕಿಟಕಿ ತೆಗೆಸಿದರು. ಧೂಳು ಬಂತು. ನಾಗಲಕ್ಷ್ಮಿಯತ್ತ ತಿರುಗಿ ಅವರೇ ಹೇಳಿದರು.

"ಇಲ್ಲವ್ವ, ನಾ ಒಂದು ದಿನಾನೂ ಹಂಗ ಇದ್ದಿಲ್ಲ. ಆದ್ರ ಪಾಠ ಸುಳ್ಳಲ್ಲ. ಇದ್ದವರೊಬ್ರನ್ನ ಕಣ್ಣಾರೆ ನೋಡಿ ಬಂದೀನಿ."

"ಎಲ್ಲಿ ಅದಾರ್ರಿ ಸರ? ನಾವೂ ಹೋಗಿ ನೋಡ್ತೀವಿ!" ಎಂದು ಕ್ಲಾಸಿಗೆ ಕ್ಲಾಸೇ ಕೂಗಿತು.

ಊರಿನ ಹೆಸರು ಮಾಸ್ತರರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಪುಸ್ತಕ ತೆಗೆಯಿರಿ ಎಂದರು.