ಬೇವಿನ ಮಂಚದ ಲೈಫು

ಬಾಗಲೂರಿನ ಬಡಗಿ ಆವುಲಪ್ಪನಿಗೆ ಮರದ ಮುಂದೆ ಮಾತು ಕಡಿಮೆ. ತಾನು ಮಾಡಿದ ಮಂಚ ಇಷ್ಟು ವರ್ಷ ಬಾಳುತ್ತದೆ ಎಂದು ಯಾರಿಗೂ ಹೇಳಿದವನಲ್ಲ. ಹೇಳಿದರೆ ಮರಕ್ಕೆ ದೃಷ್ಟಿ ತಾಕುತ್ತದೆ ಎಂದು ಅವರಪ್ಪ ಕಲಿಸಿದ್ದ.

"ನಿನ್ನ ಬಾಯಿಂದ ಒಂದು ಮಾತು ಬೀಳಬೇಕಾದ್ರೆ ಉಳಿ ಹಾಕಿ ಮೀಟಬೇಕು" ಎಂದು ಹೆಂಡತಿ ಮುನಿಗಂಗಮ್ಮ ನಗುತ್ತಿದ್ದಳು.

ಊರಿಗೆ ಕಬ್ಬಿಣದ ಮಂಚ ಬಂದಮೇಲೆ ಕೆಲಸ ಇಳಿದುಹೋಗಿತ್ತು. ಎರಡು ಸಾವಿರದ ಎಂಟರಲ್ಲಿ ಹೊಸೂರಿನ ಒಂದು ಕಾರ್ಖಾನೆಯವರು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಅರವತ್ತು ಮಂಚ ಬೇಕೆಂದರು. ಮರದ್ದೋ ಕಬ್ಬಿಣದ್ದೋ, ಯಾವುದರಿಂದ ಗಾಳಿಗೆ, ನೀರಿಗೆ ಕೇಡು ಕಡಿಮೆ ಎಂದು ನೋಡಿ ಹೇಳಲು ಬೆಂಗಳೂರಿನ ಕಾಲೇಜಿನಿಂದ ಮೇಘಶ್ರೀ ಎಂಬ ಹುಡುಗಿಯನ್ನು ಕಳಿಸಿದರು. ಈ ಕೆಲಸ ಸಿಕ್ಕದಿದ್ದರೆ ಶೆಡ್ಡು ಮುಚ್ಚುವುದೆಂದು ಆವುಲಪ್ಪ ಮನಸ್ಸಿನಲ್ಲೇ ಅಂದುಕೊಂಡಿದ್ದ. ಹೆಂಡತಿಗೆ ಅದು ಹೇಳದೆಯೇ ಗೊತ್ತಿತ್ತು.

ಮರ ಎಲ್ಲಿಯದು, ಲಾರಿ ಎಷ್ಟು ದೂರ ಓಡಿತು, ಕುಯ್ಯಲು ಕರೆಂಟು ಎಷ್ಟು ಸುಟ್ಟಿತು, ಹುಡುಗಿ ಒಂದೊಂದಾಗಿ ಕೇಳಿದಳು. ಉತ್ತರವೆಲ್ಲ ಮುನಿಗಂಗಮ್ಮನದೇ.

"ಸೂಳಗಿರಿ ಕಡೆ ಹೊಲದ ಬದುವಿನ ಬೇವು ಕಣವ್ವ. ಹೊಟ್ಟು ಹೋಟ್ಲು ಒಲೆಗೆ, ಚಕ್ಕೆ ನಮ್ಮ ನೀರೊಲೆಗೆ, ಬೂದಿ ಪಾತ್ರೆ ತಿಕ್ಕಾಕೆ. ಬಿಸಾಕಾಕೆ ಏನೂ ಉಳಿಯಾಕಿಲ್ಲ."

ಅವಳು ಟೀ ಕಾಯಿಸಲು ಒಳಗೆ ಹೋದಾಗ ಹುಡುಗಿ ಕೊನೆಯದನ್ನು ಕೇಳಿದಳು. "ತಾತ, ಮಂಚದ ಲೈಫ್ ಎಷ್ಟು?"

"ಐದು ವರ್ಷ ಅಂತ ಬರ್ಕಳವ್ವ" ಎಂದ ಆವುಲಪ್ಪ.

ವಾರ ಕಳೆದು ಮೇಘಶ್ರೀ ಸಪ್ಪೆ ಮುಖ ಹೊತ್ತು ಬಂದಳು. "ಅಜ್ಜಿ, ಕಬ್ಬಿಣದ್ದು ಇಪ್ಪತ್ತು ವರ್ಷ ಬರುತ್ತಂತೆ. ನಿಮ್ಮದು ಐದು. ಅದೊಂದು ಬಾಳೋಷ್ಟರಲ್ಲಿ ನಿಮ್ಮವು ನಾಲ್ಕು ಮಂಚ ಬೇಕು, ಅಷ್ಟೂ ಮರ ಕಡೀಬೇಕು. ಮರವೇ ಸೋತುಹೋಯ್ತು. ನಾಳಿದ್ದು ವರದಿ ಕೊಡಬೇಕು."

"ಐದಾ? ಯಾವನವ್ವ ಅಂಗಂದೋನು?"

"ತಾತನೇ."

ಮುನಿಗಂಗಮ್ಮ ಗಂಡನ ಕಡೆ ತಿರುಗಿದಳು. ಅವನು ಕಿವಿ ಕೆರೆದುಕೊಂಡ. "ಗ್ಯಾರಂಟಿ ಕೇಳ್ತಾವಳೆ ಅನ್ಕೊಂಡೆ ಕಣಮ್ಮೀ. ಅಂಗಡೀಲಿ ಮಿಕ್ಸಿಗೆ ಲೈಫ್ ಎಷ್ಟು ಅಂತ ಕೇಳಾಕಿಲ್ವಾ? ಐದು ವರ್ಷ ಪುಕ್ಕಟೆ ರಿಪೇರಿ ಮಾಡ್ಕೊಡೋಣ ಅಂತ..."

"ಅಯ್ಯೋ ನನ್ ರಾಜ! ಬಾಯಿ ಬಿಟ್ಟಿದ್ದೇ ಒಂದ್ಸಲ, ಅದ್ರಲ್ಲೂ ಇಂಗಾ!" ಎಂದು ಅವಳು ಹುಡುಗಿಯ ಕೈಹಿಡಿದು ಪಕ್ಕದ ಬೀದಿಯ ಶ್ಯಾಮಲಮ್ಮನ ಮನೆಗೆ ಎಳೆದುಕೊಂಡೇ ಹೋದಳು.

ಶ್ಯಾಮಲಮ್ಮ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಇದಾ? ನನ್ ಮದ್ವೇಗೆ ಆವುಲಣ್ಣ ಮಾಡಿದ್ದು. ಮೂವತ್ತಾರು ವರ್ಷ ಆಯ್ತು. ಮೂರು ಬಾಣಂತನ ಇದ್ರ ಮೇಲೇನೆ. ಒಂದು ಕಾಲು ತೇವಕ್ಕೆ ಕೊಳೀತು ಅಂತ ಅವ್ನೇ ನಾಕೂ ಕಾಲು ಕುಯ್ದು ಗಿಡ್ಡ ಮಾಡ್ಕೊಟ್ಟ. ನಂಗೂ ಮಂಡಿ ನೋವು, ಒಳ್ಳೇದೇ ಆಯ್ತು ಬುಡು."

ಮೇಘಶ್ರೀ ನಗುತ್ತ ಬರೆದುಕೊಂಡಳು. ಆದರೆ ಮಾಡಿದವನೇ ಹೇಳಿದ ಮಾತು ಬೇಕಿತ್ತು. ಮತ್ತೆ ಶೆಡ್ಡಿಗೆ ಬಂದರು.

"ತಾತ, ನೀವೇ ಹೇಳಿ. ಎಷ್ಟು ಬರೀಲಿ?"

ಆವುಲಪ್ಪ ಮುಂದಿದ್ದ ಹೊಸ ಮಂಚ ನೋಡಿದ. ಆಚೆ ನೋಡಿದ. ಮುನಿಗಂಗಮ್ಮ ಒಳಗಿಂದ ಕಂಬಳಿ ತಂದು ಆ ಮಂಚದ ಮೇಲೆ ಅಂಚಿನವರೆಗೂ ಹೊದಿಸಿ ಸುತ್ತ ಒತ್ತಿದಳು, ಜ್ವರದ ಮಗುವಿಗೆ ಹೊದಿಸಿದ ಹಾಗೆ.

"ಈಗ ಹೇಳು. ಅದಕ್ಕೆ ಕೇಳ್ಸಾಕಿಲ್ಲ."

ಅವನು ಬಗ್ಗಿ ಹುಡುಗಿಯ ಕಿವಿಯಲ್ಲಿ ಅಂದ. "ಮೂವತ್ತಕ್ಕೆ ಮೋಸ ಇಲ್ಲ ಕಣವ್ವ."

ತಿಂಗಳ ಮೇಲೆ ಕಾರ್ಖಾನೆಯಿಂದ ಹೇಳಿಕಳಿಸಿದರು, ಅರವತ್ತರಲ್ಲಿ ಇಪ್ಪತ್ತೈದು ಮರದವಾಗಲಿ ಎಂದು. ಮಾರನೆಯ ಬೆಳಗ್ಗೆ ಆವುಲಪ್ಪ ಮರ ನೋಡಲು ಹೊರಟ. ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕರೆದ.

"ನೀನೂ ಬಾ. ಅಲ್ಲಿ ಮಾತಾಡಾಕೆ ಒಬ್ರು ಬೇಕಲ್ಲ."