ಸ್ಮಶಾನದ ಜಾಲಿಮುಳ್ಳು

ರಿಟೈರಾಗಿ ಪರಮಸುಖದಲ್ಲಿದ್ದೀನಿ, ಮಾತಿಗೆ ಕೂತರೆ ಏಳೋನಲ್ಲ. ಆದರೆ ಸ್ಮಶಾನದಲ್ಲಿ ಸೈಕಲ್ ಹೊಡೀಬಹುದಾ ಅಂತ ಯಾರಾದರೂ ವಾದಕ್ಕೆ ಬಂದರೆ ಮಾತ್ರ ಬಾಯಿ ಕಹಿಯಾಗುತ್ತೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಚೇಳೂರಿನ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದೆ. ದಾರಿಯಲ್ಲಿದ್ದ ಒಂದು ಊರಿನ ಸ್ಮಶಾನದೊಳಗೆ ಹಾದರೆ ಪ್ರಾರ್ಥನೆ ಹೊತ್ತಿಗೆ ಸರಿಯಾಗಿ ಸ್ಕೂಲು ಮುಟ್ಟಬಹುದಿತ್ತು. ಒಂದು ದಿನ ಆ ಊರಿನ ಯಜಮಾನರು ಹ್ಯಾಂಡಲ್ ಹಿಡಿದು ನಿಲ್ಲಿಸಿದರು.

"ಏನ್ ಮೇಷ್ಟ್ರೇ, ಓದ್ದೋರು ನೀವು! ನಮ್ಮ ಹಿರೀಕರ ಎದೆ ಮೇಲೆ ಸೈಕಲ್ ಹೊಡೀತೀರಲ್ಲ? ಹರಿಜನರ ಸ್ಮಶಾನ ಆ ಕಡೆ ಐತೆ, ಅಲ್ಲಿ ಹೋಗಿ. ಅಲ್ಲಿ ಯಾರೂ ಕೇಳಕ್ಕಿಲ್ಲ."

ನಾನೂ ಮಾರನೇ ದಿನದಿಂದ ಆ ದಾರಿ ಹಿಡಿದೆ. ಮೂರನೇ ದಿನಕ್ಕೇ ಟೈರು ಠುಸ್ಸೆಂದಿತು. ಕಾಲುದಾರಿಯ ತುಂಬ ಜಾಲಿಮುಳ್ಳು, ಪಕ್ಕದಲ್ಲಿ ಒಬ್ಬ ಮುದುಕಿ.

"ಓಡಾಡೋ ದಾರೀಲಿ ಮುಳ್ಳು ಹಾಕ್ತಾರಾ? ಕಣ್ಣು ಕಾಣಲ್ವಾ ನಿಂಗೆ?" ಎಂದು ರೇಗಿದೆ.

ಆಕೆ ಗಾಬರಿಯಿಂದ ಎದ್ದಳು. "ನೆನ್ನೆ ಮಗನ್ನ ಮಣ್ಣು ಮಾಡಿದ್ವಿ ಬುದ್ಧಿ. ನಾಯಿ, ನರಿ ಕೆರೀದಿರ್ಲಿ ಅಂತ ಹಾಕಿದ್ದು. ಸೈಕಲ್ ಬತ್ತದೆ ಅಂತ ಗೊತ್ತಿರ್ನಿಲ್ಲ. ತಡೀರಿ, ಎಳೀತೀನಿ."

ಬೇಡ ಅನ್ನುವಷ್ಟರಲ್ಲಿ ಬರಿಗೈಯಲ್ಲೇ ಮುಳ್ಳು ಎಳೆದಳು. ಮಗನ ಕಾಲು ಚಾಚಿದ್ದ ಕಡೆ, ಇನ್ನೂ ಹಸಿಯಾಗಿದ್ದ ಮಣ್ಣಿನ ಮೇಲೆ, ಒಂದು ಸೈಕಲ್ ಹೋಗುವಷ್ಟು ಜಾಗ ಬಿಡಿಸಿ ಕೊಟ್ಟಳು.

ಅಲ್ಲಿ ನಾನು ಇಳಿದು, ಸೈಕಲ್ ತಳ್ಳಿಕೊಂಡೇ ಹೋದೆ ಅಂತ ಎಲ್ಲರಿಗೂ ಹೇಳ್ತಿರ್ತೀನಿ. ಇಳಿದದ್ದೇನೋ ನಿಜ. ಟೈರಿನಲ್ಲಿ ಗಾಳಿ ಇರಲಿಲ್ಲವಲ್ಲ!