ನಳಿಗೆಯ ಅಡಿಯ ಮೂರು ಪದಗಳು

ನಮ್ಮ ಮನೆಯ ಹಳೆಯ ಕೋವಿಯನ್ನು ರಿಪೇರಿ ಮಾಡಿಸುವುದು ತಕ್ಕದ್ದೋ ಅಲ್ಲವೋ ಎಂದು ತೀರ್ಮಾನಿಸುವ ಹೊಣೆ ನನ್ನ ಮೇಲೆ ಬಿದ್ದದ್ದು ನಾನು ಕೋವಿಯ ವಿಷಯ ಬಲ್ಲವನೆಂಬ ಕಾರಣದಿಂದಲ್ಲ. ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದವನು ನಾನೊಬ್ಬನೇ ಎಂಬ ಕಾರಣದಿಂದ. ನಾನು ಜೀವಮಾನದಲ್ಲಿ ಒಮ್ಮೆಯೂ ಗುಂಡು ಹಾರಿಸಿದವನಲ್ಲ.

ಅರವತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ನಾನು ಹಳೇಬೀಡಿನ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದು, ಬಸ್ತಿಹಳ್ಳಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಣ್ಣ ಗೆಂಡೆಹಳ್ಳಿಗೆ ಹತ್ತಿರದ ನಮ್ಮ ಊರಿನಲ್ಲಿ ಬೇಸಾಯ ನೋಡಿಕೊಳ್ಳುತ್ತಿದ್ದ. ನನ್ನನ್ನು ಓದಿಸಲೆಂದು ತನ್ನ ಓದನ್ನು ನಾಲ್ಕನೆಯ ತರಗತಿಗೆ ನಿಲ್ಲಿಸಿದವನು ಅವನು. ಆ ವರ್ಷ ಆಲೂಗಡ್ಡೆ ಹೊಲಕ್ಕೆ ಕಾಡುಹಂದಿಗಳ ಕಾಟ ವಿಪರೀತವಾಯಿತು. ತಮಟೆಗೂ ಪಂಜಿಗೂ ಅವು ಜಗ್ಗಲಿಲ್ಲ. ಆಗ ಅಣ್ಣನಿಗೆ ಕೋವಿಯ ನೆನಪಾಯಿತು.

ತಾತ ಕಾಫಿ ತೋಟವೊಂದರಲ್ಲಿ ಮೇಸ್ತ್ರಿಯಾಗಿದ್ದಾಗ ಅಲ್ಲಿನ ಬಿಳಿಯ ದೊರೆ ಕೊಟ್ಟುಹೋಗಿದ್ದ ಜೋಡುನಳಿಗೆ ಕೋವಿ ಅದು. ಲೈಸೆನ್ಸು ಅಪ್ಪನ ನಂತರ ಅಣ್ಣನ ಹೆಸರಿಗೆ ಬಂದಿತ್ತು. ಮರದ ಹಿಡಿ ಸೀಳಿದ್ದರಿಂದ ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ತೋಟೆಯ, ಎಂದರೆ ಕಾಡತೂಸಿನ, ಬೆನ್ನಿಗೆ ಬಡಿದು ಸಿಡಿಸುವ ಎರಡು ಕುದುರೆಗಳಲ್ಲಿ ಬಲಗಡೆಯದು ಮುರಿದಿತ್ತು. ನಾನು ಒಂದು ಭಾನುವಾರ ಊರಿಗೆ ಹೋದಾಗ ಅಣ್ಣ ಕೋವಿಯನ್ನು ಜಗಲಿಗೆ ತಂದು, ನಳಿಗೆಗಳನ್ನು ಹಿಡಿಯಿಂದ ಬೇರೆ ಮಾಡಿ, ಅಂಗಾತ ತಿರುಗಿಸಿ ನನ್ನ ಮುಂದಿಟ್ಟ. ಎಡನಳಿಗೆಯ ಅಡಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಚಿಕ್ಕಪ್ಪನೂ ನೆರೆಮನೆಯ ನಾಲ್ಕಾರು ಮಂದಿಯೂ ಸುತ್ತ ಕುಳಿತಿದ್ದರು.

“ಓದ್ಲಾ, ಏನ್ ಬರ್ದವ್ನೆ ದೊರೆ?” ಎಂದ ಅಣ್ಣ.

“ನಾಟ್ ಫಾರ್ ಬಾಲ್” ಎಂದು ಓದಿದೆ.

“ಬಾಲವಾ?” ಎಂದರು ಚಿಕ್ಕಪ್ಪ. “ಹಂದಿ ಬಾಲಕ್ಕೆ ಹೊಡೀಬ್ಯಾಡಿ ಅಂತ ಬರ್ದವ್ನೇನ್ಲಾ?”

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಚೆಂಡಿಗಲ್ಲ ಎಂದು ಅರ್ಥ ಹೇಳಿದ್ದರೆ ಇನ್ನಷ್ಟು ನಗುತ್ತಿದ್ದರು. ಕೋವಿಯ ಮೇಲೆ ಚೆಂಡಿನ ಮಾತನ್ನು ಯಾರು ಬರೆಸುತ್ತಾರೆ? ಆಗ ಕಾಲೇಜಿನ ಪಠ್ಯವೊಂದು ನೆರವಿಗೆ ಬಂತು. ಅದರಲ್ಲಿ ದೊರೆಗಳೂ ದೊರೆಸಾನಿಯರೂ ಕೈಗವಸು ತೊಟ್ಟು ಕುಣಿಯುವ ಕೂಟಕ್ಕೆ ಬಾಲ್ ಎಂಬ ಹೆಸರಿತ್ತು. ನಾನು ಗಂಟಲು ಸರಿಪಡಿಸಿಕೊಂಡು ಹೇಳಿದೆ: “ಬಾಲ್ ಎಂದರೆ ಆಂಗ್ಲರ ನೃತ್ಯಕೂಟ. ಕೂಟಗಳಿಗೆ ಅಲಂಕಾರಕ್ಕೆ ಒಯ್ಯುವ ಕೋವಿ ಇದಲ್ಲ, ಕೆಲಸಕ್ಕೆಂದೇ ಮಾಡಿಸಿದ್ದು ಎಂದು ತಾತ್ಪರ್ಯ.”

ನಗು ನಿಂತಿತು. ಅಣ್ಣನ ಮುಖ ಅರಳಿತು. “ಕೇಳ್ದಾ ಚಿಕ್ಕಪ್ಪ? ಶೋಕಿದಲ್ಲ, ದುಡಿಯೋ ಕೋವಿ ಕಣಪ್ಪ ಇದು!”

ಹಕ್ಕಿಗಳಿಗೆ ಹೊಡೆಯುವ ತೋಟೆಯೊಳಗೆ ಸಾಸಿವೆ ಕಾಳಿನಂಥ ಚರೆ ತುಂಬಿರುತ್ತದೆ. ಹಂದಿಗೆ ಅದು ಸಾಲದು. ಆದ್ದರಿಂದ ನಮ್ಮ ಕಡೆಯವರು ಚರೆಯನ್ನು ಸುರಿದುಹಾಕಿ, ಸೀಸವನ್ನು ಅಚ್ಚಿಗೆ ಹೊಯ್ದು ಮಾಡಿದ ಒಂದೇ ದಪ್ಪ ಗುಂಡನ್ನು ತೋಟೆಯಲ್ಲಿ ಕೂರಿಸುತ್ತಾರೆ. ಅಣ್ಣ ಆ ಮಧ್ಯಾಹ್ನವೇ ಸೀಸ ಕರಗಿಸಿದ. ಎರಡು ಗುಂಡುಗಳನ್ನು ನನ್ನ ಕೈಗಿತ್ತು, ಅರಸೀಕೆರೆಯಲ್ಲಿ ಕೋವಿ ರಿಪೇರಿ ಮಾಡುವ ಆಚಾರಿಗೆ ಕೋವಿ ತೋರಿಸಿ ಗುಂಡಿನ ಅಳತೆ ನೋಡಿಸಿಕೊಂಡು ಬಾ ಎಂದ. “ಹುಷಾರು. ಹಳೇ ಸಾಮಾನು ಅಂದ್ರೆ ಆ ಕಸುಬಿನೋರಿಗೆ ಬಾಯಾಗೆ ನೀರು ಬತ್ತದೆ. ಕೆಲ್ಸಕ್ಕೆ ಬರಲ್ಲ ಅಂತ ಹೇಳಿ ತಾನೇ ಇಟ್ಕೋತಾನೆ.”

ಆ ಎಚ್ಚರಿಕೆ ನನಗೆ ಅನಗತ್ಯವಾಗಿತ್ತು. ಅಂಗಡಿಯವನು ತಕ್ಕಡಿ ಎತ್ತಿದರೆ ಕಲ್ಲಿನ ಅಡಿಯನ್ನು ನೋಡುವವನು ನಾನು. ಲೈಸೆನ್ಸು ಅಣ್ಣನ ಹೆಸರಿನಲ್ಲಿದ್ದುದರಿಂದ, ಕೋವಿಯನ್ನು ರಿಪೇರಿಗಾಗಿ ಮಾತ್ರ ಒಯ್ಯಲಾಗುತ್ತಿದೆ ಎಂಬ ಒಪ್ಪಿಗೆ ಪತ್ರವನ್ನು ನಾನೇ ಬರೆದು, ಅವನ ರುಜು ಹಾಕಿಸಿ, ಒಳಜೇಬಿನಲ್ಲಿಟ್ಟುಕೊಂಡೆ. ನಳಿಗೆ ಬೇರೆ, ಹಿಡಿ ಬೇರೆ ಮಾಡಿ ಗೋಣಿಯಲ್ಲಿ ಸುತ್ತಿದ್ದೆ. ಬೇಲೂರಿನಲ್ಲಿ ಬಸ್ಸು ಬದಲಾಯಿಸಿ ಹಳೇಬೀಡು ದಾಟುವವರೆಗೂ ಪಕ್ಕದ ಪ್ರಯಾಣಿಕರೊಬ್ಬರು ಗೋಣಿಯನ್ನೇ ನೋಡುತ್ತಿದ್ದಂತೆ ಭಾಸವಾಯಿತು. ಕೊನೆಗೆ ಅವರು, “ಹಾರೆ ಏನ್ರೀ? ಎಲ್ಲಿ ತಗೊಂಡ್ರಿ?” ಎಂದು ಕೇಳಿದರು. ಹೌದು ಎಂದೆ. ಎಲ್ಲಿ ಎಂಬುದಕ್ಕೆ ಉತ್ತರ ಕೊಡಲಿಲ್ಲ.

ಆಚಾರಿಯ ಅಂಗಡಿ ಅರಸೀಕೆರೆಯಲ್ಲಿ, ರೈಲ್ವೆ ನಿಲ್ದಾಣದ ಹಿಂದೆ, ಕೊಬ್ಬರಿ ಮಂಡಿಗಳ ಸಾಲಿನ ಕೊನೆಯಲ್ಲಿತ್ತು. ವೃದ್ಧರಾದ ಆಚಾರಿ ಕನ್ನಡಕವನ್ನು ಹಣೆಗೇರಿಸಿ, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು. ಬೆರಳಿನಿಂದ ತಟ್ಟಿ ಕಿವಿಗೊಟ್ಟರು. ಕಡೆಗೆ, “ಯಾತಕ್ಕೆ ಬೇಕು ಮೇಷ್ಟ್ರೇ?” ಎಂದರು. ನಾನು ಮೇಷ್ಟರೆಂದು ಹೇಳಿಯೇ ಇರಲಿಲ್ಲ.

“ಕಾಡುಹಂದಿಗೆ.”

“ಹಂಗಾರೆ ಬ್ಯಾಡ. ಹಿಡಿ ಹೊಸದು ಹಾಕ್ಬೋದು, ಕುದುರೆ ಹೊಯ್ದು ಕೊಡ್ಬೋದು. ಆದ್ರೆ ಇದು ಹಕ್ಕಿ ಹೊಡಿಯೋ ಕೋವಿ. ಗುಂಡು ಹಾಕುದ್ರೆ ಒಂದಲ್ಲಾ ಒಂದಿನ ಒಡೀತದೆ. ಬೇಡ ಅನ್ಸಿದ್ರೆ ಇಲ್ಲೇ ಬಿಟ್ಟೋಗಿ, ನಾನು ಬಿಡಿ ಭಾಗಕ್ಕೆ ಉಪಯೋಗಿಸ್ಕೋತೀನಿ.”

ಇಲ್ಲೇ ಬಿಟ್ಟೋಗಿ! ಅಣ್ಣ ಹೇಳಿದ್ದು ಅಕ್ಷರಶಃ ನಡೆಯುತ್ತಿತ್ತು. ನಾನು ತುಸು ಬಿಗಿಯಾಗಿಯೇ, “ಇದು ಕೆಲಸಕ್ಕೆಂದು ಮಾಡಿಸಿದ ಕೋವಿ ಎಂಬುದಕ್ಕೆ ನಮ್ಮಲ್ಲಿ ಆಧಾರವಿದೆ” ಎಂದೆ.

ಅವರು ನನ್ನನ್ನು ಒಮ್ಮೆ ನೋಡಿದರು. ಡಬ್ಬಿಯಿಂದ ಒಂದು ಸೀಸದ ಗುಂಡು ತೆಗೆದು, ಎಡನಳಿಗೆಯ ಹಿಂಬದಿಯಿಂದ, ತೋಟೆ ತುಂಬುವ ಕಡೆಯಿಂದ, ಒಳಗೆ ಬಿಟ್ಟರು. ಗುಂಡು ಗರಗರನೆ ಉರುಳಿತು. ತುದಿಯಲ್ಲಿ ಅಂಗೈ ಒಡ್ಡಿದ್ದರು. ಗುಂಡು ಹೊರಗೆ ಬೀಳಲಿಲ್ಲ. ಬಾಯಿಗೆ ಇನ್ನೆರಡು ಬೆರಳಿನ ದೂರದಲ್ಲಿ ಸಿಕ್ಕಿಕೊಂಡಿತು.

“ಬಾಯಿ ಕಿರಿದು ಮಾಡವ್ರೆ. ಚರೆ ಚೆಲ್ಲಾಪಿಲ್ಲಿ ಆಗದಂಗೆ, ಒಟ್ಟಾಗಿ ಹೋಗ್ಲಿ ಅಂತ. ಚರೆ ನುಸುಳ್ತದೆ, ಗುಂಡು ಎಲ್ಲಿಗೆ ಹೋಗ್ಬೇಕು?”

ಅವರ ಡಬ್ಬಿಯ ಗುಂಡು ಬೇಕೆಂದೇ ದಪ್ಪಗಿರುವುದೆಂದು ನನಗೆ ಅನಿಸಿತು. ಗಿರಾಕಿಗಳಿಗೆ ತೋರಿಸಲೆಂದೇ ಇಟ್ಟುಕೊಂಡಿದ್ದರೆ? ಬಡಿಗೆಯಿಂದ ತಳ್ಳಿ ಅದನ್ನು ತೆಗೆಸಿ, ಅಣ್ಣ ಕೊಟ್ಟಿದ್ದ ಗುಂಡನ್ನು ನಾನೇ ಬಿಟ್ಟೆ. ಅದೂ ಅಲ್ಲಿಯೇ ನಿಂತಿತು. ಅದನ್ನೂ ತಳ್ಳಿ ತೆಗೆಸಿದೆ. ಎರಡನೆಯದನ್ನು ಬಲನಳಿಗೆಗೆ ಬಿಟ್ಟೆ. ಅದು ಸಲೀಸಾಗಿ ಉರುಳಿ ನನ್ನ ಅಂಗೈಗೆ ಬಿತ್ತು. ಮತ್ತೆ ಅದನ್ನೇ ಎಡಕ್ಕೆ ಬಿಟ್ಟೆ. ನಿಂತಿತು. ಆಚಾರಿ ಬೀಡಿ ಹಚ್ಚಿಕೊಂಡು, “ಇನ್ನೂ ಒಂದ್ಸಲ ಬಿಡಿ ಸ್ವಾಮಿ, ಸವೆಯಾಕಿಲ್ಲ” ಎಂದರು.

ಆಮೇಲೆ ನಳಿಗೆಯನ್ನು ಮಗುಚಿ ಅಡಿಯ ಅಕ್ಷರಗಳ ಮೇಲೆ ಉಗುರಿಟ್ಟರು. “ನಂಗೆ ಇಂಗ್ಲೀಷು ಬರಾಕಿಲ್ಲ. ಈ ಸಾಲಿನ ಆಕಾರ ಮಾತ್ರ ಗೊತ್ತು. ಇದು ಇದ್ರೆ ಗುಂಡು ಹಾಕ್ಬ್ಯಾಡ ಅಂತ ನಮ್ಮಪ್ಪ ತೋರಿಸ್ಕೊಟ್ಟಿದ್ರು. ನೀವು ಓದ್ದೋರು, ಹೇಳಿ. ಏನ್ ಬರ್ದೈತೆ?”

ನಾನು ಓದಲಿಲ್ಲ. ಓದುವ ಅಗತ್ಯವಿರಲಿಲ್ಲ. ನಾಟ್ ಫಾರ್ ಬಾಲ್: ಗುಂಡಿಗಲ್ಲ. ಅಷ್ಟೇ. ಹೆಸರು ತಿಳಿಯದ ಯಾರೋ ಕಸುಬುದಾರ ಮೂರೇ ಪದಗಳಲ್ಲಿ ನೇರವಾಗಿ ಕೊಟ್ಟಿದ್ದ ಎಚ್ಚರಿಕೆಯನ್ನು ನಾನು ಕೈಗವಸಿನ ಕುಣಿತವನ್ನಾಗಿ ಮಾಡಿ, ಗುಂಡು ಹೊಯ್ಯುವಂತೆ ಅಣ್ಣನನ್ನು ಹುರಿದುಂಬಿಸಿದ್ದೆ. ಕೋವಿ ಒಡೆದರೆ ಮೊದಲು ಹೋಗುವುದು ನಳಿಗೆಯನ್ನು ಹಿಡಿದ ಎಡಗೈ ಎಂದು ಆಚಾರಿ ಹೇಳುತ್ತಿದ್ದರು. ಆದರೂ ಕೋವಿಯನ್ನು ಅವರ ವಶಕ್ಕೆ ಬಿಡದೆ ಗೋಣಿಯಲ್ಲಿ ಸುತ್ತಿಕೊಂಡೇ ಹೊರಟೆ. ಇದನ್ನು ಮುಚ್ಚಿಡುವುದು ಸರಿಯಲ್ಲ: ನನ್ನ ತಪ್ಪು ಖಚಿತವಾದ ಮೇಲೂ ಅವರ ಮೇಲಿನ ಅನುಮಾನ ನನ್ನಿಂದ ಪೂರ್ತಿ ಹೋಗಿರಲಿಲ್ಲ.

ಮರುದಿನ ಊರಿನಲ್ಲಿ, ಅಣ್ಣ ಗುಂಡು ಕೂರಿಸಿದ ತೋಟೆಗಳನ್ನು ಮೊರದಲ್ಲಿ ಹರಡಿ ಕಾಯುತ್ತಿದ್ದ. ಈ ಕೋವಿಗೆ ರಿಪೇರಿ ತಕ್ಕದ್ದಲ್ಲ ಎಂದೆ.

“ತಲೆ ಸವರ್ಬಿಟ್ನಾ ನಿಂಗೂ ಆಚಾರಿ?”

“ಇಲ್ಲ. ನಾನೇ ಪರೀಕ್ಷಿಸಿದೆ.” ಗುಂಡು ಬಿಟ್ಟು ತೋರಿಸಿದೆ.

ಅಣ್ಣ ಸಿಕ್ಕಿಕೊಂಡ ಗುಂಡನ್ನು ನೋಡಿ, “ಬಲಗಡೆದು ನೆಟ್ಟಗೈತಲ್ಲ, ಅದ್ರಾಗೆ ಹೊಡ್ದ್ರಾಯ್ತು” ಎಂದ. ಹಂದಿ ಎದುರಿಗೆ ನುಗ್ಗಿದಾಗ ಯಾವ ಕುದುರೆ ಎಂದು ಯಾರು ನೋಡುತ್ತಾರೆ ಎಂದೆ. ಜಗಲಿಯ ಕಂಬಕ್ಕೊರಗಿದ್ದ ಚಿಕ್ಕಪ್ಪ ಎಲೆ ಅಡಿಕೆ ಮೆಲ್ಲುತ್ತ, “ಅವತ್ತು ದುಡಿಯೋ ಕೋವಿ ಅಂದ, ಇವತ್ತು ಬ್ಯಾಡ ಅಂತಾನೆ. ಮಧ್ಯದಾಗೆ ಏನ್ ಮಾತಾಯ್ತೋ ಅರಸೀಕೆರೇಲಿ” ಎಂದರು.

ಅಣ್ಣ ನನ್ನ ಮುಖವನ್ನೇ ನೋಡಿದ. ನಾನು ಅಂಗಡಿಯವರ ತಕ್ಕಡಿಯನ್ನು ನೋಡುವ ರೀತಿಯಲ್ಲಿ ನೋಡಿದ. ತರ್ಕದಿಂದ ಅವನನ್ನು ಒಪ್ಪಿಸಲಾಗದು ಎಂದು ತಿಳಿಯಿತು. ನಾನು ಸುಮ್ಮನಾದರೆ ಅವನು ಆಚಾರಿಯನ್ನು ಬಿಟ್ಟು ಬೇಲೂರಿನಲ್ಲಿ ಇನ್ಯಾರಿಂದಲೋ ಕುದುರೆ ಹಾಕಿಸಿಕೊಂಡು ಹೊಲಕ್ಕೆ ಹೋಗುವುದು ಖಂಡಿತವಾಗಿತ್ತು.

“ಅಣ್ಣಾ, ಆ ಪದದ ಅರ್ಥ ನನಗೆ ಗೊತ್ತಿರಲಿಲ್ಲ. ಅದು ಗುಂಡಿಗಲ್ಲ ಎಂದು ಬರೆದದ್ದು. ಎಲ್ಲರೂ ನಕ್ಕರೆಂದು ಊಹಿಸಿ ಹೇಳಿಬಿಟ್ಟೆ.”

“ಕುಣಿಯಾದು ಗಿಣಿಯಾದು ಎಲ್ಲ?”

“ಎಲ್ಲವೂ.”

ಚಿಕ್ಕಪ್ಪ ನಕ್ಕಾರೆಂದು ಕಾದೆ. ನಗಲಿಲ್ಲ. ಅಣ್ಣ ಮೊರದ ತೋಟೆಗಳನ್ನು ಒಂದೊಂದಾಗಿ ಬಿಚ್ಚಿ ಗುಂಡುಗಳನ್ನು ಬೇರೆ ತೆಗೆದಿಟ್ಟ. ಕೋವಿಯನ್ನು ಠಾಣೆಗೆ ಒಪ್ಪಿಸಲು ಅರ್ಜಿ ಬರಿ ಎಂದ. ಕನ್ನಡದಲ್ಲಿ ಬರೆದುಕೊಟ್ಟೆ. ರುಜು ಹಾಕುವ ಮೊದಲು, ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡದಿದ್ದ ಕೆಲಸ ಮಾಡಿದ: ಅಕ್ಷರಕ್ಕೆ ಅಕ್ಷರ ಕೂಡಿಸಿ, ಅದನ್ನು ತಾನೇ ಪೂರ್ತಿ ಓದಿದ. ಬಹಳ ಹೊತ್ತು ಹಿಡಿಯಿತು.

ರುಜು ಹಾಕಿ ಒಳಗೆ ಹೋದವನು ತಗಡಿನ ಪೆಟ್ಟಿಗೆಯೊಂದನ್ನು ತಂದು ನನ್ನ ಮುಂದಿಟ್ಟ. ತಾಲ್ಲೂಕು ಕಚೇರಿಯಿಂದ ಬಂದ ನೋಟೀಸುಗಳು, ಅತ್ತಿಗೆಯ ಆಸ್ಪತ್ರೆಯ ಚೀಟಿಗಳು, ಹಿಂದೆ ನಾನೇ ಓದಿ ಅರ್ಥ ಹೇಳಿದ್ದ ಇಂಗ್ಲಿಷ್ ಕಾಗದಗಳೆಲ್ಲ ಅದರಲ್ಲಿದ್ದವು.

“ಇವುನ್ನೂ ಇನ್ನೊಂದ್ಸಲ ಓದು” ಎಂದ. “ನಿಧಾನಕ್ಕೆ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು.”

ಮೊದಲ ಕಾಗದದಲ್ಲಿಯೇ ಎರಡು ಸಲ ಹಾಗೆ ಅನ್ನಬೇಕಾಯಿತು.